ನಲವತ್ತೊಂದು ಡಬ್ಬಿಗಳು

ಅಕ್ಟೋಬರ್ ೧೨, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ತಂಗಿಗೆ,

ಅಣ್ಣನ ಅಕ್ಕರೆಯ ನೆನಕೆಗಳು. ಪತ್ರದ ಮೊದಲ ಸಾಲಿನಲ್ಲಿ ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕೆಂದು ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಇಂದು ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ.

ನಿನ್ನ ಪತ್ರ ಬುಧವಾರ ತಲುಪಿತು. ಮೂರು ಪ್ರಶ್ನೆ ಕೇಳಿದ್ದೀಯೆ. ಅಪ್ಪ ಸರಿಯಾಗಿ ಊಟ ಮಾಡುತ್ತಾರೆಯೇ, ಮುಂಗೋಪಿ ಕಾರು ಹೊರಟಿತೇ, ಫೋನ್ ಮಾಡಿದಾಗ ಅಪ್ಪ ಏಕೆ ಮಾತಿಗೆ ಬರುವುದಿಲ್ಲ. ಕೊನೆಯಲ್ಲಿ, ಇಪ್ಪತ್ತನೆಯ ತಾರೀಕು ಬರುವಾಗ ಅಪ್ಪನ ಹಾಸಿಗೆಗೆ ಹೊಸ ಹಾಸುಬಟ್ಟೆಗಳನ್ನು ತರುವುದಾಗಿ ಬರೆದಿದ್ದೀಯೆ. ಪ್ರಶ್ನೆಗಳ ಕ್ರಮದಲ್ಲಿಯೇ ಉತ್ತರಿಸದಿದ್ದರೆ ಅಂಕ ಕಳೆಯುತ್ತಿದ್ದವನು ನಾನು. ಆದರೂ ಮೊದಲನೆಯದಕ್ಕೆ ಮಾತ್ರ ಈಗ ಉತ್ತರಿಸುತ್ತೇನೆ. ಊಟ ಮಾಡುತ್ತಾರೆ. ಬಡಿಸಿದಷ್ಟನ್ನು, ಯಾರೋ ಒಪ್ಪಿಸಿದ ಕೆಲಸವನ್ನು ಮುಗಿಸಿಕೊಡುವವರಂತೆ, ತಲೆ ಎತ್ತದೆ ತಿಂದು ಮುಗಿಸುತ್ತಾರೆ.

ಉಳಿದ ಎರಡಕ್ಕೆ ಉತ್ತರಿಸುವ ಮೊದಲು ಒಂದು ತಿದ್ದುಪಡಿ. ಕಳೆದ ತಿಂಗಳ ಪತ್ರದಲ್ಲಿ, ‘ಒಂದು ಬಿಡಿಭಾಗ ಬರಬೇಕಾಗಿದೆ, ಆದ್ದರಿಂದ ಕಾರಿನ ಕೆಲಸ ತಾತ್ಕಾಲಿಕವಾಗಿ ನಿಂತಿದೆ’ ಎಂದು ಬರೆದಿದ್ದೆ. ಯಾವ ಬಿಡಿಭಾಗವೂ ಬರಬೇಕಾಗಿರಲಿಲ್ಲ. ವಾಕ್ಯದಲ್ಲಿ ದೋಷವಿರಲಿಲ್ಲ, ಅದು ಸುಳ್ಳಾಗಿತ್ತು, ಅಷ್ಟೇ. ನೀನು ಇಲ್ಲಿಗೆ ಬಂದು ಷೆಡ್ಡಿನ ಬಾಗಿಲು ತೆರೆಯುವ ಮೊದಲು ನಿಜವನ್ನು ನನ್ನ ಅಕ್ಷರದಲ್ಲಿಯೇ ನೀನು ಓದಬೇಕು.

ಜನವರಿಯಲ್ಲಿ ಅಮ್ಮ ಹೋದಮೇಲೆ ಅಪ್ಪ ಹೇಗಿದ್ದರೆಂಬುದನ್ನು ನೀನು ಕಂಡಿದ್ದೀಯೆ. ನೀನು ಹೊರಟುಹೋದ ಮೇಲೆ ಅದು ಹೆಚ್ಚಾಯಿತು. ಬೆಳಿಗ್ಗೆ ಎದ್ದವರು ಅಮ್ಮ ಎಲ್ಲಿ ಎಂದು ಕೇಳುವರು. ಹೇಳಿದರೆ ಹೊಸದಾಗಿ ಅಳುವರು. ಮರುದಿನ ಮತ್ತೆ ಕೇಳುವರು. ಹತ್ತಿರದ ನೆನಪು ಮೊದಲು ಹೋಗುತ್ತದೆ, ಕೈಗೆ ಬಹುಕಾಲದಿಂದ ಗೊತ್ತಿರುವುದು ಕೊನೆಗೆ ಹೋಗುತ್ತದೆ, ಕೈಗೆ ಕೆಲಸ ಕೊಡಿ ಎಂದರು ಡಾಕ್ಟರು. ಐವತ್ತು ವರ್ಷ ಮೋಟಾರು ರಿಪೇರಿ ಮಾಡಿದ ಕೈಗೆ ಬೇರೆ ಯಾವ ಕೆಲಸ ಕೊಡಲಿ? ಮಾರ್ಚ್ ಮೊದಲ ವಾರ ಷೆಡ್ಡಿನ ಬೀಗ ತೆಗೆದು, ಇಪ್ಪತ್ತೆರಡು ವರ್ಷಗಳಿಂದ ಟಾರ್ಪಾಲಿನ ಕೆಳಗೆ ನಿಂತಿದ್ದ ಆ ಕರಿಯ ಕಾರನ್ನು ಅವರಿಗೆ ತೋರಿಸಿದೆ. ಐದು ಮೈಲಿ ಓಡುವಷ್ಟರಲ್ಲಿ ಕಾದು ಹೊಗೆಯುಗುಳುತ್ತಿದ್ದ ಅದಕ್ಕೆ ಮುಂಗೋಪಿ ಎಂದು ಹೆಸರಿಟ್ಟವಳು ನೀನೇ. ಆಗ ನಿನಗೆ ಆರು ವರ್ಷ, ನನಗೆ ಹತ್ತು. ಅಪ್ಪ ಸುತ್ತಲೂ ಒಂದು ಸಲ ನಡೆದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, “ಇವಳಿಗೂ ನನ್ನ ಹಾಗೇ ಕೀಲು ಹಿಡಿದಿದೆ ಕಣೋ. ಎಣ್ಣೆ ತಾ” ಎಂದರು. ಅಮ್ಮ ಹೋದಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಆ ಷೆಡ್ಡಿಗೂ ನನಗೂ ಇದ್ದ ದೂರ ನಿನಗೆ ಗೊತ್ತಿದೆ. ದೀಪ ಹಿಡಿದು ನಿಲ್ಲುತ್ತಿದ್ದವಳು ನೀನು. ನಾನು ಒಳಗೆ ಕಾಲಿಟ್ಟರೆ, “ನೀನು ಹೋಗು, ಓದ್ಕೋ. ನಿನ್ನ ಕೈಗೆ ಮಸಿ ಬೇಡ” ಎನ್ನುತ್ತಿದ್ದರು ಅಪ್ಪ. ಆ ಮಾತನ್ನು ನಾನು ಬೇಕಾದುದಕ್ಕಿಂತ ಚೆನ್ನಾಗಿ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪ ಗ್ಯಾರೇಜಿನಿಂದ ನೇರವಾಗಿ ಬಂದಾಗ, ಗೇಟಿನಲ್ಲೇ ತಡೆದು ಕೈ ತೊಳೆದುಕೊಂಡು ಬನ್ನಿ ಎಂದು ಕಳಿಸಿದ್ದೆ. ಅವರು ಹಿಂತಿರುಗಿ ಬರಲಿಲ್ಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವರೂ ಹೇಳಿದಂತಿಲ್ಲ.

ಹೀಗೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಅಪ್ಪನ ಶಿಷ್ಯನಾದೆ. ದಡ್ಡ ಶಿಷ್ಯ. ಸ್ಪ್ಯಾನರನ್ನು ಉಲ್ಟಾ ತಿರುಗಿಸಿದರೆ, “ಏನ್ ಮೇಷ್ಟ್ರೇ, ಬಿಚ್ತಿದೀರೋ ಬಿಗೀತಿದೀರೋ?” ಎಂದು ನಗುವರು. ‘ಕಾರ್ಬೇಟರು’ ಎಂದು ಅವರು ಹೇಳಿದಾಗ ನಾನು ತಿದ್ದಿದರೆ, “ನೀವು ಸರಿಯಾಗಿ ಕರೆದ್ರೆ ಅದು ಸ್ಟಾರ್ಟ್ ಆಗುತ್ತಾ? ಕರೀರಿ ನೋಡೋಣ” ಎನ್ನುವರು. ಒಂದು ಮಧ್ಯಾಹ್ನ ನಾನು ಟಾರ್ಚ್ ಹಿಡಿದಿದ್ದಾಗ, “ಮಗಳೇ, ಬೆಳಕು ಇತ್ಲಾಗ್ ಹಿಡಿ” ಎಂದರು. ನಾನು ತಿದ್ದಲಿಲ್ಲ. ಬೆಳಕನ್ನು ಅತ್ತ ಹಿಡಿದೆ.

ಇನ್ನು ಅವರ ಕೆಲಸದ ರೀತಿ. ಅಮ್ಮನ ಹಳೆಯ ಬಿಳಿ ಹಾಸುಬಟ್ಟೆಯೊಂದನ್ನು ಉದ್ದ ಮೇಜಿನ ಮೇಲೆ ಹಾಸಿಸಿದರು. ಇಂಜಿನ್ನಿನಿಂದ ಬಿಚ್ಚಿದ ಪ್ರತಿಯೊಂದನ್ನೂ, ಅದು ವಾಲ್ವಾಗಲಿ ಬಟಾಣಿ ಗಾತ್ರದ ನಟ್ಟಾಗಲಿ, ಬಿಚ್ಚಿದ ಕ್ರಮದಲ್ಲಿಯೇ ಅದರ ಮೇಲೆ ಇಡುತ್ತಾ ಹೋದರು. ಮೊದಲ ಸಾಲು ಎಡದಿಂದ ಬಲಕ್ಕೆ, ಎರಡನೆಯದು ಬಲದಿಂದ ಎಡಕ್ಕೆ. ಹೊಲ ಉಳುವವನು ಅಂಚಿನಲ್ಲಿ ತಿರುಗಿ ಬರುವ ಹಾಗೆ. ನಾನು ನೋಟ್‌ಬುಕ್ ತಂದರೆ ಕಿತ್ತುಕೊಂಡು ಬದಿಗಿಟ್ಟರು. “ಬರ್ಕೊಳ್ಳೋದೆಲ್ಲ ಬೇಡ. ಬಟ್ಟೇನೇ ಪುಸ್ತಕ. ಕೊನೇಲಿ ಇಟ್ಟಿದ್ದನ್ನ ಮೊದ್ಲು ಎತ್ಕೋ. ಬಂದ ದಾರೀಲೇ ಹಿಂದಕ್ಕೆ ನಡಿ. ಮನೆ ಸೇರ್ತೀಯ.” ಎಂಟು ವಾಲ್ವುಗಳೂ ನೋಡಲು ಒಂದೇ ತರಹ. ಆದರೆ ಅವನ್ನು ಅದಲುಬದಲು ಮಾಡಕೂಡದು, ವರ್ಷಗಟ್ಟಲೆ ಸವೆದು ಒಂದೊಂದೂ ತನ್ನ ಜಾಗಕ್ಕೇ ಹೊಂದಿಕೊಂಡಿರುತ್ತದೆ ಎಂದರು.

ಐದು ತಿಂಗಳು ಹೀಗೆ ನಡೆಯಿತು. ಅಮ್ಮ ಇಲ್ಲವೆಂಬುದನ್ನು ಮರೆಯುತ್ತಿದ್ದವರು, ಬಚ್ಚಲುಮನೆಯ ಬಾಗಿಲನ್ನು ಹುಡುಕುತ್ತಿದ್ದವರು, ಆ ಮೇಜಿನ ಮುಂದೆ ನಿಂತರೆ ಸಂಪೂರ್ಣವಾಗಿ ಅಪ್ಪನಾಗುತ್ತಿದ್ದರು. ದಿನವೂ ಕೆಲಸಕ್ಕೆ ಮೊದಲು ಕಣ್ಣು ಮುಚ್ಚಿ, ಎಡತುದಿಯಿಂದ ಆರಂಭಿಸಿ, ಸಾಲಿನ ಉದ್ದಕ್ಕೂ ಬೆರಳಾಡಿಸುತ್ತಾ ಹೋಗುವರು. “ಇದು ಬಿಚ್ಚಿದ ದಿನ ನಿನಗೆ ಬೆರಳು ಜಜ್ಜಿತ್ತು” ಎನ್ನುವರು. “ಇದನ್ನ ತೆಗೆದ ಸಂಜೆ ಕರೆಂಟ್ ಹೋಗಿತ್ತು.” ಎಲ್ಲವೂ ನಿಜ. ಬೆಳಗಿನ ತಿಂಡಿ ನೆನಪಿಲ್ಲದವರಿಗೆ ಏಪ್ರಿಲ್ ತಿಂಗಳು ಆ ಬಟ್ಟೆಯ ಮೇಲೆ ಇತ್ತು. ಅವರ ಪಾಲಿಗೆ ಅದು ಇಂಜಿನ್ ಒಂದೇ ಆಗಿರಲಿಲ್ಲ. ಇದನ್ನು ನಾನು ದಿನವೂ ಕಣ್ಣಾರೆ ನೋಡುತ್ತಿದ್ದೆ, ತಿಳಿಯಲಿಲ್ಲ.

ಆಗಸ್ಟಿನಲ್ಲಿ ಇಂಜಿನ್ ಬ್ಲಾಕನ್ನು ಲೇತ್ ಕೆಲಸಕ್ಕೆ ಕಳಿಸಿದೆವು. ಅದೇ ವಾರ ಅಪ್ಪನಿಗೆ ಜ್ವರ ಬಂದು ಹತ್ತು ದಿನ ಹಾಸಿಗೆ ಹಿಡಿದರು. ಅವರು ನಿದ್ರಿಸುವ ಹೊತ್ತಿನಲ್ಲಿ ನನಗೆ ಕೆಲಸವಿರಲಿಲ್ಲ. ಷೆಡ್ಡಿಗೆ ಹೋಗಿ ಆ ಮೇಜನ್ನು ನೋಡಿದೆ. ಧೂಳು, ಜಿಡ್ಡು, ದೊಡ್ಡದರ ಪಕ್ಕದಲ್ಲಿ ಚಿಕ್ಕದು, ವಾಷರಿನ ಪಕ್ಕದಲ್ಲಿ ಸ್ಪ್ರಿಂಗು. ನನ್ನ ಸ್ವಭಾವ ನಿನಗೆ ಗೊತ್ತು. ಹೀಗೆ ಬರೆದ ಉತ್ತರಪತ್ರಿಕೆಯನ್ನು ನಾನು ಮುಟ್ಟುತ್ತಿರಲಿಲ್ಲ. ಅಪ್ಪ ಎದ್ದು ಬಂದಾಗ ಅಚ್ಚರಿಪಡಲಿ ಎಂದುಕೊಂಡೆ. ಇನ್ನೊಂದು ಆಸೆಯೂ ಇತ್ತು: ಆ ಷೆಡ್ಡಿನಲ್ಲಿ ಒಂದು ಕೆಲಸವಾದರೂ ನನ್ನ ಕೈಯಿಂದ, ನನಗೆ ಬರುವ ರೀತಿಯಲ್ಲಿ, ಚೆನ್ನಾಗಿ ಆಗಲಿ, ಅಪ್ಪ ಭೇಷ್ ಎನ್ನಲಿ.

ಆರು ದಿನ ಕೂತು ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ. ಒರೆಸಿ ಹೊಳಪು ತಂದೆ. ನಟ್ಟುಗಳನ್ನು ನಟ್ಟುಗಳೊಡನೆ, ಬೋಲ್ಟುಗಳನ್ನು ಬೋಲ್ಟುಗಳೊಡನೆ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಅಮ್ಮನ ಅಡುಗೆಮನೆಯ ಡಬ್ಬಿಗಳಲ್ಲಿ ತುಂಬಿಸಿ, ಒಂದೊಂದರ ಮೇಲೂ ಚೀಟಿ ಅಂಟಿಸಿದೆ. ಎಂಟು ವಾಲ್ವುಗಳೂ ಒಂದೇ ಡಬ್ಬಿಯಲ್ಲಿ. ಒಟ್ಟು ನಲವತ್ತೊಂದು ಡಬ್ಬಿಗಳು. ನನ್ನ ಅಕ್ಷರ ಅಷ್ಟು ದುಂಡಗೆ ಬಂದು ವರ್ಷಗಳಾಗಿದ್ದವು. ಕುರ್ಚಿ ಎಳೆದುಕೊಂಡು ಬಹಳ ಹೊತ್ತು ಅವನ್ನು ನೋಡುತ್ತಾ ಕೂತಿದ್ದೆ.

ಹನ್ನೊಂದನೆಯ ದಿನ ಅಪ್ಪ ನನ್ನ ತೋಳು ಹಿಡಿದು ಷೆಡ್ಡಿಗೆ ಬಂದರು. ಮೇಜಿನ ಎಡತುದಿಯಲ್ಲಿ ನಿಂತು, ಕಣ್ಣು ಮುಚ್ಚಿ, ಕೈ ಚಾಚಿದರು. ಬರಿ ಮರ ಸಿಕ್ಕಿತು. ಕೈ ಬಲತುದಿಯವರೆಗೆ ಹೋಯಿತು, ಹಿಂದಕ್ಕೆ ಬಂತು.

“ಯಾರೋ ಬಂದು ಎಲ್ಲಾ ತಗೊಂಡ್ ಹೋಗಿದಾರೆ” ಎಂದರು.

ಎಲ್ಲವೂ ಇಲ್ಲೇ ಇದೆ, ನೋಡಿ ಎಂದು ನಾನು ಉತ್ಸಾಹದಿಂದ ಕಪಾಟು ತೋರಿಸಿದೆ. ಅವರು ಒಂದು ಡಬ್ಬಿ ತೆರೆದರು, ಇನ್ನೊಂದನ್ನು ತೆರೆದರು. ನಾಲ್ಕನೆಯದಕ್ಕೆ ಕೈ ನಿಂತಿತು.

“ಇದು ಅಂಗಡಿ ಕಣಯ್ಯಾ” ಎಂದರು. “ಗಾಡಿ ಎಲ್ಲಿ?”

ಬೈದಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ಬೈಯಲಿಲ್ಲ. ಅನಂತರ ಮೂರು ವಾರ ದಿನವೂ ಕರೆದುಕೊಂಡು ಹೋದೆ. ದಿನವೂ ಎಡತುದಿಯಲ್ಲಿ ನಿಂತು ಮರವನ್ನು ಸವರಿ ಹಿಂತಿರುಗಿದರು. ಆಮೇಲೆ ಬರುವುದನ್ನೇ ಬಿಟ್ಟರು. ಈಗ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಇರುತ್ತಾರೆ. ನಿನ್ನ ಫೋನ್ ಬಂದಾಗ, ಕಳ್ಳರು ಸಿಕ್ಕಿದರೇ ಎಂದು ಕೇಳುತ್ತಾರೆ. ಸಿಕ್ಕಿಲ್ಲ ಎಂದರೆ ಮುಖ ತಿರುಗಿಸಿಕೊಳ್ಳುತ್ತಾರೆ. ನಿನ್ನ ಮೂರನೆಯ ಪ್ರಶ್ನೆಗೆ ಉತ್ತರ ಇದು. ನಿನ್ನ ಮೇಲೆ ಮುನಿಸಲ್ಲ.

ಎರಡನೆಯದಕ್ಕೆ ಉತ್ತರ: ಹೊರಟಿತು. ಹಿಂದೆ ಅಪ್ಪನ ಕೈಕೆಳಗಿದ್ದು ಈಗ ಸ್ವಂತ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್ ನಿನಗೆ ನೆನಪಿರಬೇಕು, ಆ ಉಬ್ಬುಹಲ್ಲಿನವರು, ಅವರನ್ನು ಬೇಡಿಕೊಂಡೆ. ಡಬ್ಬಿಗಳ ಸಾಲನ್ನು ನೋಡಿ ಅವರು ವಾಲ್ವುಗಳ ಡಬ್ಬಿಯನ್ನು ಎತ್ತಿಕೊಂಡರು. “ಜೋಡಿಸ್ತೀನಿ ಮೇಷ್ಟ್ರೇ. ಆದ್ರೆ ಇದು ಯಜಮಾನರು ಜೋಡಿಸಿದ ಹಾಗೆ ಆಗಲ್ಲ” ಎಂದರು. ಗುರುವಾರ ಬೆಳಿಗ್ಗೆ, ನಿನ್ನ ಪತ್ರ ಬಂದ ಮರುದಿನ, ಇಂಜಿನ್ ಶುರುವಾಯಿತು. ಅಪ್ಪ ಎದ್ದು ಬಾಗಿಲಿಗೆ ಬರುತ್ತಾರೆ ಎಂದು ನಾನು ಕೋಣೆಗೆ ಓಡಿದೆ. ಅವರು ತಲೆ ವಾಲಿಸಿ ಕೇಳುತ್ತಿದ್ದರು.

“ಯಾರದೋ ಗಾಡಿ ಬಂದಿದೆ ನೋಡಿ” ಎಂದರು. “ಕಟಕಟ ಅಂತಿದೆ. ವಾಲ್ವ್ ಅದಲುಬದಲಾಗಿದೆ. ಯಾರೋ ತಿಳೀದವರು ಕೈ ಹಾಕಿದಾರೆ, ಪಾಪ.”

ತಂಗೀ, ಅವರು ‘ನೋಡಿ’ ಎಂದದ್ದನ್ನು ಗಮನಿಸು. ಮೊದಲು ಮೇಷ್ಟ್ರೇ ಎಂದು ಹಾಸ್ಯಕ್ಕೆ ನನಗೆ ಕೊಡುತ್ತಿದ್ದ ಮರ್ಯಾದೆ ಈಗ ಅಪರಿಚಿತನಿಗೆ ಕೊಡುವ ಮರ್ಯಾದೆಯಾಗಿದೆ. ನಿನ್ನೆ ಅವರಿಗೆ ಔಷಧಿ ಕುಡಿಸಿ, ತಡೆಯಲಾರದೆ, ಆ ಸಾಲನ್ನು ಕೆಡಿಸಿದವನು ನಾನೇ ಎಂದು ಹೇಳಿಬಿಟ್ಟೆ. ಅವರು ನನ್ನನ್ನು ನೋಡಿ, ದನಿ ತಗ್ಗಿಸಿ, “ಹೋಗ್ಲಿ ಬಿಡಿ, ಆದದ್ದಾಯ್ತು. ನನ್ನ ಮಗನಿಗೆ ಮಾತ್ರ ಹೇಳ್ಬೇಡಿ. ಅವನು ಮೇಷ್ಟ್ರು. ಇದೇ ಮೊದಲ್ನೇ ಸಲ ನನ್ನ ಜೊತೆ ಕೂತು ಕೈ ಮಸಿ ಮಾಡ್ಕೊಂಡಿದ್ದ. ಬೇಜಾರ್ ಮಾಡ್ಕೋತಾನೆ” ಎಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನೀನು ಬಾ. ನಿನ್ನ ಗುರುತು ಸಿಗಬಹುದು. ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲು. ಸಿಗದಿದ್ದರೆ ತಿದ್ದಬೇಡ. ಕ್ಷಮಿಸು ಎಂದು ನಿನ್ನನ್ನು ಕೇಳಲಾರೆ, ಕ್ಷಮಿಸಬೇಕಾದವರಿಗೆ ನಾನು ಯಾರೆಂದೇ ತಿಳಿಯದು.

ನಿನ್ನ ದಾರಿ ನೋಡುತ್ತಿರುವ
ಅಣ್ಣ

ಮರುಬರಹ: ಮೇಲೆ ಎಲ್ಲವನ್ನೂ ಬರೆದೆನೆಂದುಕೊಂಡೆ, ಒಂದನ್ನು ಬಿಟ್ಟಿದ್ದೇನೆ. ಆ ಮೆಕ್ಯಾನಿಕ್ ಮೊದಲ ದಿನವೇ, “ಬಟ್ಟೆ ಎಲ್ಲಿ ಮೇಷ್ಟ್ರೇ? ಎಣ್ಣೆ ಕಲೆ ಇದ್ದೇ ಇರುತ್ತಲ್ಲ, ಒಂದೊಂದು ಸಾಮಾನಿನ ಕೆಳಗೂ ಒಂದೊಂದು. ಅದನ್ನ ನೋಡ್ಕೊಂಡು ಸಾಲು ತಿರುಗಿ ಇಡಬಹುದು. ಯಜಮಾನರ ಮುಂದೇನೇ ಇಡೋಣ” ಎಂದಿದ್ದರು. ಎಲ್ಲೋ ಕಳೆದುಹೋಯಿತು ಎಂದೆ. ಕಳೆದುಹೋಗಿರಲಿಲ್ಲ. ಡಬ್ಬಿಗಳನ್ನು ತುಂಬಿದ ದಿನವೇ ಅದನ್ನು ಸೋಡಾ ಹಾಕಿ ಕುದಿಸಿ, ಎರಡು ಸಲ ಒಗೆದು, ಒಂದು ಕಲೆಯೂ ಉಳಿಯದಂತೆ ಬೆಳ್ಳಗೆ ಮಾಡಿದ್ದೆ. ಈಗ ಅದು ಅಪ್ಪನ ಹಾಸಿಗೆಯ ಮೇಲಿದೆ. ಮಧ್ಯಾಹ್ನ ಊಟವಾದ ಮೇಲೆ ಅವರು ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸುತ್ತಾರೆ, ಎಡದಿಂದ ಬಲಕ್ಕೆ, ಅಂಚು ಸಿಕ್ಕಾಗ ತಿರುಗಿ ಬಲದಿಂದ ಎಡಕ್ಕೆ. ದಯವಿಟ್ಟು ಹೊಸ ಹಾಸುಬಟ್ಟೆಗಳನ್ನು ತರಬೇಡ.