ನಮ್ಮೂರ ಹುಲಿಗೆ ಒಂದು ವಾರದ ತಡೆ

ಬೆಟಗೇರಿ,
೧೮ ನವೆಂಬರ್ ೨೦೨೪

ಪ್ರೀತಿಯ ಅಜ್ಜಾ,

ಮೊಣಕಾಲು ಹೇಗಿದೆ? ಮುಂಡರಗಿಯ ವೈದ್ಯರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಚಿಕ್ಕಪ್ಪನ ಕಂಪ್ಯೂಟರಿನ ಮುಂದೆ ಕೂತು ಅದನ್ನೂ ಮರೆತಿದ್ದೀಯೋ? ಇಲ್ಲಿ ಎಲ್ಲರೂ ಆರಾಮ. ನೀನು ನನ್ನ ಫೋನ್ ಎತ್ತದೆ ಇವತ್ತಿಗೆ ಐದು ದಿನ. ಅಜ್ಜಿ, "ಇಬ್ರೂ ಸಣ್ಣ ಹುಡುಗರಾಗೀರಿ. ಪತ್ರ ಬರಿ, ಪತ್ರ ಬಂದ್ರ ಒಡೀದ ಇರೂ ಮನಶಾ ಅಲ್ಲ ಅಂವ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಅಂತರಜಾಲದ ವಿಶ್ವಕೋಶದಲ್ಲಿ ನೀನು ಬರೆಯದಂತೆ ತಡೆದ ನಿರ್ವಾಹಕಿ ನಾನೇ. 'ನಮ್ಮೂರ ಹುಲಿ' ಎಂಬ ಹೆಸರಿನಲ್ಲಿ ಬರೆಯುವವರು ಯಾರೆಂದು ಮೊದಲು ನನಗೆ ಗೊತ್ತಿರಲಿಲ್ಲ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ಬರೆದದ್ದಕ್ಕೆ ಅಚ್ಚಾದ ಆಧಾರ ಕೊಡಬೇಕು. ಹುಲಿ ಮಾತ್ರ ದಿನಾ ಬೆಳಗ್ಗೆ ಬಂದು, ಸರಕಾರಿ ಶಾಲೆ ಬರುವ ಮೊದಲು ಎರಡು ವರ್ಷ ಬಾನುಬಿ ಎಂಬಾಕೆ ತನ್ನ ಪಡಸಾಲೆಯಲ್ಲಿ ಊರ ಮಕ್ಕಳಿಗೆ ಅಕ್ಷರ ಕಲಿಸಿದಳು ಎಂದು ನಮ್ಮೂರಿನ ಪುಟದಲ್ಲಿ ಬರೆಯುವುದು, ಆಧಾರವಿಲ್ಲವೆಂದು ನಾನು ತೆಗೆಯುವುದು. ಹನ್ನೊಂದು ಸಲ! ಅಶ್ಫಾಕ ಎಂಬ ಇನ್ನೊಬ್ಬ ಸಂಪಾದಕ ಮೆತ್ತಗೆ ಆಧಾರ ಕೇಳಿದ್ದಕ್ಕೆ "ನಿನಗ ಓನಾಮ ಕಲಿಸಿದಾಂವ ಯಾವ ಕತ್ತಿ ಲೇ" ಅಂತ ಬರೆದೆಯಲ್ಲ, ಆಗ ನಿನ್ನ ಗುರುತು ಸಿಕ್ಕಿತು. ಆ ಕತ್ತೆಯ ಬೈಗುಳ ತಿಂದೇ ನಾನು ಮಗ್ಗಿ ಕಲಿತದ್ದು.

ಅಜ್ಜನಾದರೇನು, ಬೈದರೆ ಒಂದು ವಾರ ತಡೆ. ಮಂದಿಗೊಂದು, ಮನೆಯವರಿಗೊಂದು ಮಾಡಲಾರೆ. ಮರುದಿನವೇ 'ನಮ್ಮೂರ ಹುಲಿ ೨' ಬಂತು. ಅಯ್ಯ ಅಜ್ಜಾ, ವೇಷ ಮರೆಸಿಕೊಂಡು ಬರುವವರು ಹಳೆಯ ಹೆಸರಿಗೇ ಎರಡು ಅಂತ ಹಚ್ಚಿಕೊಂಡು ಬರುತ್ತಾರೇನು? ನಕ್ಕು ನಕ್ಕು ಸಾಕಾಯಿತು, ಆಮೇಲೆ ಅಳುವೂ ಬಂತು. ಇನ್ನೊಂದು ಹುಲಿ ಬಂದರೆ ಉಳಿದ ನಿರ್ವಾಹಕರು ನಿನ್ನನ್ನು ಕಾಯಂ ಹೊರಗಿಡುತ್ತಾರೆ. ಆಗ ಬಾನುಬಿಯ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರುವುದಿಲ್ಲ.

ನೀನು ಸುಳ್ಳು ಬರೆಯುವವನಲ್ಲ ಎಂದು ನನಗೆ ಗೊತ್ತು. ಅದಕ್ಕೇ ಅಜ್ಜಿಯಿಂದ ವಿಳಾಸ ಕೇಳಿಕೊಂಡು ನಿನ್ನೆ ಲಕ್ಷ್ಮೇಶ್ವರದ ಬಸ್ಸು ಹತ್ತಿ ಬಾನುಬಿಯ ಮಗಳು ಸಾಬೀರಾ ಅವರನ್ನು ಕಂಡುಬಂದೆ. ಗಿರಮಿಟ್ಟು, ಚಹಾ ಕೊಟ್ಟರು, ಬೇಡವೆಂದರೂ ಬಿಡಲಿಲ್ಲ. ನಿನಗೂ ಮೊದಲು ಅಕ್ಷರ ತಿದ್ದಿಸಿದವಳು ತಮ್ಮ ಅವ್ವನೇ ಎಂದರು. ಇದನ್ನು ನೀನು ಮನೆಯಲ್ಲಿ ಒಮ್ಮೆಯೂ ಹೇಳಿಲ್ಲ. ಟ್ರಂಕು ತೆಗೆಸಿ ನೋಡಿದರೆ ಕಾಗದಪತ್ರ ಒಂದೂ ಇಲ್ಲ. ಇದ್ದದ್ದು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಇಸವಿ ಎರಡು ಸಾವಿರದ್ದು, ಹೆಡ್‌ಮಾಸ್ತರನಾಗಿ ನೀನೇ ಸಂಪಾದಿಸಿದ್ದು. ಅದರಲ್ಲಿ ಬಾನುಬಿಯ ಹೆಸರೇ ಇಲ್ಲ.

ಚಿಕ್ಕಪ್ಪ, ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಅಜ್ಜಿ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ, ಸಿಟ್ಟು ಇಳಿದವರಿಗೆ ಮಾತ್ರ ಅಂತೆ. ನಿನ್ನ ಆಶೀರ್ವಾದ ಇರಲಿ.

ನಿನ್ನ ಮೊಮ್ಮಗಳು,
ಸ್ನೇಹಾ

ತಾ.ಕ.: ಬಾಗಿಲ ತನಕ ಬಂದು ಸಾಬೀರಾ ಇನ್ನೊಂದು ಮಾತು ಹೇಳಿದರು, ಮೇಲೆ ಬರೆಯಲು ಕೈ ಬರಲಿಲ್ಲ. ಆ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಅವರವ್ವ ಮೂರು ಸಲ ನಿನ್ನ ಕಡೆ ಬಂದಿದ್ದಳಂತೆ, "ಒಂದು ಸಾಲಿನ್ಯಾಗರ ನನ್ನ ಹೆಸರು ಹಾಕೋ ಹುಚ್ಚೀರಪ್ಪಾ" ಅಂತ. ನೀನು "ದಾಖಲಿ ಇಲ್ಲದ ಹೆಂಗ ಹಾಕ್ಲಿ ಬಾನುಬಿ" ಅಂದೆಯಂತೆ. ನಾನು ನಿನಗೆ ಬರೆದದ್ದೂ ಇದೇ ಮಾತಲ್ಲವೇನು ಅಜ್ಜಾ? ಬರುವ ವರ್ಷ ಶಾಲೆಗೆ ಎಪ್ಪತ್ತೈದು ತುಂಬುತ್ತದೆ. ಹೊಸ ಸಂಚಿಕೆಗೆ ಹಳೆಯ ಹೆಡ್‌ಮಾಸ್ತರರ ಲೇಖನ ಬೇಕೆಂದು ಶಾಲೆಯ ಈಗಿನ ಹೆಡ್ ಅಕ್ಕೋರು ಕೇಳಿದ್ದಾರೆ, ತಿಂಗಳ ಕೊನೆಯೊಳಗೆ. ಬಾನುಬಿ ಕಲಿಸಿದಳು, ನೀನು ಕಲಿತೆ ಎಂದು ಅದರಲ್ಲಿ ಬರಿ. ಅವಳು ಮೂರು ಸಲ ಬಂದು ಕೇಳಿದಳು, ನೀನು ಮೂರು ಸಲವೂ ವಾಪಸ್ ಕಳಿಸಿದೆ ಎಂಬುದನ್ನೂ ಬರಿ. ಹುಲಿ ಅಂತ ಬೇಡ, ನಿನ್ನ ಹೆಸರು ಹಾಕಿಯೇ ಬರಿ. ಅಚ್ಚಾದ ದಿನ ಅವಳ ಹೆಸರನ್ನು ನಾನೇ ಪುಟಕ್ಕೆ ಸೇರಿಸುತ್ತೇನೆ, ಆಧಾರವೆಂದು ಅದರ ಕೆಳಗೆ ನಿನ್ನದನ್ನು.