ಸೊಂಟದಿಂದ ಬಿಚ್ಚಿಕೊಟ್ಟ ಕೀಲಿ

ನನ್ನ ದೊಡ್ಡವ್ವಾ,

ನಿನ್ನ ತಂಗಿಯ ಮಗಳು ನೀಲವ್ವ, ಅಸುಂಡಿಯಿಂದ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ. ಬದುಕಿದ್ದಾಗಲೂ ಬಂದ ಕಾಗದವನ್ನು ನಾನೇ ಓದಿ ಹೇಳಬೇಕಿತ್ತು. ಈಗಲೂ ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದುತ್ತಿದ್ದೇನೆ, ಕೇಳಿಸಿಕೋ.

ದೊಡ್ಡಪ್ಪ ತೀರಿಕೊಂಡ ಮೇಲೆ ನೀನು ದತ್ತಕ ತೆಗೆದುಕೊಂಡ ದಿನ ನೆನಪಾದರೆ ಮೊದಲು ನಗುವೇ ಬರುತ್ತದೆ. ನಿನ್ನ ಮೈದುನನ ಮಗ ವೀರಪ್ಪ ಮೀಸೆ ಬಂದವನು, ಮದುವೆಯಾದವನು. ಶಾಸ್ತ್ರಕ್ಕೆಂದು ನೀನು ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು, “ಸಾಕಾತೋ ಯಪ್ಪಾ, ಏಳು, ಮೊಣಕಾಲು ಮುರದಾವು” ಎಂದೆ. ಬೆಟಗೇರಿಯ ನಿನ್ನ ಪಡಸಾಲೆಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅದಕ್ಕೂ ಮೊದಲು, ಮಗನಿಗೆ ಚುಚ್ಚೀತು ಎಂದು ಸೊಂಟದ ಕೀಲಿಗೊಂಚಲು ಬಿಚ್ಚಿ ಮೈದುನನ ಕೈಗೆ ಕೊಟ್ಟಿದ್ದೆ. ಅದು ಮತ್ತೆ ನಿನ್ನ ಸೊಂಟಕ್ಕೆ ಬರಲೇ ಇಲ್ಲ.

ಅದರ ಹಿಂದಿನ ವಾರ ನಾವಿಬ್ಬರೂ ಗದಗಿನ ವಕೀಲರ ಹತ್ತಿರ ಹೋಗಿದ್ದೆವಲ್ಲ? ಅವರು ಬಿಡಿಸಿಯೇ ಹೇಳಿದ್ದರು. “ದತ್ತಕ ಆತಂದ್ರ, ನಿಮ್ಮ ಯಜಮಾನರು ಇದ್ದಾಗನ ಹುಟ್ಟಿದ ಮಗ ಇದ್ದಂಗ. ಆಸ್ತಿ ಎಲ್ಲಾ ಅವಂದ ಆಕ್ಕೈತಿ. ನೀವು ಇರೂತನಕ ಮನಿ ನಿಮ್ಮ ಕೈಯಾಗ ಇರಬೇಕಂದ್ರ ಮೊದಲ ಕರಾರು ಬರಸ್ಕೋರಿ ಯವ್ವಾ.”

ನೀನು ಎದ್ದೇ ಬಿಟ್ಟೆ. “ಮಗನ್ನ ತಗೊಳ್ಳಾಕ ಕರಾರು ಏನ್ರಿ? ನಾನೇನು ಎತ್ತು ಖರೀದಿ ಮಾಡಾಕತ್ತೀನೇನು?”

ನಮ್ಮವರಲ್ಲಿ ಹತ್ತು ಜನರ ಮುಂದೆ ಬಾಯಿಗೆ ಸಕ್ಕರೆ ಹಾಕಿದರೆ ದತ್ತಕ ಮುಗಿಯಿತು, ಬರೆಸುವವರು ಯಾರಿದ್ದಾರೆ? ಬರೆಸಿದರೆ ಮಗನನ್ನು ನಂಬಲಿಲ್ಲ ಎಂದಂತೆ. ಗಂಡನ ಹೆಸರು ಹೇಳುವವರು ಒಬ್ಬರಿರಲಿ ಎನ್ನುವುದಷ್ಟೇ ನಿನ್ನ ಆಸೆ. ಮನೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ ನೀನು.

ಮನೆ ಎಲ್ಲಿಗೂ ಹೋಗಲಿಲ್ಲ, ನಿಜ. ನಿನ್ನನ್ನು ಯಾರೂ ಹೊರಗೆ ಹಾಕಲಿಲ್ಲ, ಊಟಕ್ಕೂ ಕೊರತೆಯಿರಲಿಲ್ಲ. ಆದರೆ ಒಂದು ದಿನ ನಾನು ಬಂದಾಗ ನಿನ್ನ ಮಗ್ಗದ ಕೋಣೆಯ ತುಂಬ ಯಾರೋ ವ್ಯಾಪಾರಿಯ ಅರಳೆ ತುಂಬಿದ ಗೋಣಿ ಅಂಡಿಗೆಗಳಿದ್ದವು. ಮಗ್ಗ ಕಿತ್ತು, ಅದರ ಕುಣಿಯನ್ನು ಮಣ್ಣು ಹಾಕಿ ಮುಚ್ಚಿದ್ದರು. ಮೂವತ್ತು ವರ್ಷ ನೀನು ಕಾಲು ಇಳಿಬಿಟ್ಟು ಕೂತ ಕುಣಿ. “ವೀರಪ್ಪನ್ನ ಕೇಳಿದ್ನೆ” ಎಂದೆ ನೀನು. “‘ಅವ್ವಾ, ಬಾಡಿಗಿ ಬರ್ತೈತಿ, ನಿನಗ್ಯಾಕ ಇನ್ನ ನೇಯೂ ತ್ರಾಸು’ ಅಂದ.” ಒಂದು ಹಿಡಿ ಜೋಳ ಬೇಕಾದರೂ ಸೊಸೆಯ ಹತ್ತಿರ ಕೀಲಿ ಕೇಳಬೇಕಿತ್ತು. ಹೇಳುವಾಗ ನಿನ್ನ ಕೈ ಸೊಂಟದಲ್ಲಿ ಆ ಗೊಂಚಲನ್ನು ತಡಕುತ್ತಿತ್ತು, ಇಲ್ಲದ ಗೊಂಚಲನ್ನು. ನನಗೆ ಎಷ್ಟು ಸಿಟ್ಟು ಬಂತು ಅಂದರೆ...

ಆ ಸಿಟ್ಟಿನಲ್ಲೇ ನಿನ್ನನ್ನು ಮತ್ತೆ ಅದೇ ವಕೀಲರ ಮುಂದೆ ಕೂಡಿಸಿದೆ. ಮನೆ ತಿರುಗಿ ಬಾರದು, ಜೀವನಾಂಶಕ್ಕೂ ಇರಲು ಜಾಗಕ್ಕೂ ಮಗನ ಮೇಲೆ ದಾವೆ ಹಾಕಬಹುದು ಎಂದರು ಅವರು. ನೀನು “ತೊಡಿ ಮ್ಯಾಲೆ ಕೂಡಿಸ್ಕೊಂಡವನ್ನ ಕಟಕಟಿ ಹತ್ತಿಸ್ಲೇನ್ರಿ?” ಎಂದೆ. ಅಲ್ಲಿಂದ ಬೆಟಗೇರಿಗೆ ಹೋಗದೆ ನೇರ ಅಸುಂಡಿಗೆ, ನನ್ನ ಮನೆಗೆ ಬಂದೆ. ಇಲ್ಲೇ ತೀರಿಕೊಂಡೆ. ನೆನಪು ಮಸುಕಾಗಿದ್ದ ಕಡೆಯ ದಿನಗಳಲ್ಲಿ “ಮಗ್ಗದಾಗ ಸೀರಿ ಅರ್ಧಕ್ಕ ನಿಂತೈತಿ” ಎನ್ನುತ್ತಿದ್ದೆ. ಮಗ್ಗವೇ ಇಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ನೀನು ಹೋದ ಮೇಲೆ ಕನ್ನಡ ನಾಡೆಲ್ಲ ಒಂದಾಯಿತು ದೊಡ್ಡವ್ವಾ. ನಾವೀಗ ಮುಂಬಯಿಯವರಲ್ಲ, ಮೈಸೂರು ರಾಜ್ಯದವರು. ಅದೇ ಚಳಿಗಾಲದಲ್ಲಿ ಹೊಸ ಕಾಯ್ದೆಯೂ ಬಂತು. ವಕೀಲರೇ ಹೇಳಿದರು: “ಇನ್ನ ದತ್ತಕ ತಗೊಂಡ್ರೂ ಅವ್ವನ ಆಸ್ತಿ ಅವ್ವಂದ. ಹೆಣ್ಣು ಕೂಸನ್ನೂ ತಗೋಬಹುದು.”

“ನಮ್ಮ ದೊಡ್ಡವ್ವಗ ಇದು ಹತ್ತತಿತ್ತೇನ್ರಿ?” ಎಂದು ಕೇಳಿದೆ.

“ಹಳೇ ದತ್ತಕಕ್ಕ ಇಲ್ಲವ್ವಾ.”

ಕೆಲವೇ ವರ್ಷ ತಾಳಿದ್ದರೆ ಸಾಕಿತ್ತು. ಆದರೆ ಹೀಗೊಂದು ಕಾಯ್ದೆ ಬರುತ್ತದೆ ಎಂದು ನಮಗೆ ಯಾರು ಹೇಳಬೇಕಿತ್ತು?

ನಿನಗೆ ಗೊತ್ತೇ ಇದೆ, ನನಗೂ ಮಕ್ಕಳಾಗಲಿಲ್ಲ. ನನ್ನವರೂ ಹೋದರು. ನಾಳೆ ನನ್ನ ನಾದಿನಿಯ ಕಿರಿಯ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದೇನೆ. ಇನ್ನೂ ಹಲ್ಲು ಬಂದಿಲ್ಲ, ಮೊಣಕಾಲಿಗೆ ಭಾರವಿಲ್ಲ. ನಿನ್ನ ಹೆಸರನ್ನೇ ಇಡುತ್ತೇನೆ. ನಾದಿನಿ ಆಗಲೇ ಹೇಳಿದ್ದಾಳೆ, “ವೈನಿ, ಕೀಲಿ ಬಿಚ್ಚಿ ಇಡ್ರಿ, ಕೂಸಿಗೆ ಚುಚ್ಚೀತು” ಎಂದು. ಬಿಚ್ಚುವುದಿಲ್ಲ ದೊಡ್ಡವ್ವಾ. ಸೆರಗನ್ನು ನಾಲ್ಕು ಮಡಿಕೆ ಮಾಡಿ ಕೀಲಿಯ ಮೇಲೆ ಹಾಕಿಕೊಂಡು ಕೂರುತ್ತೇನೆ.

ನಿನ್ನ
ನೀಲವ್ವ