ಹೊಗೆ ವಾಸನೆಯ ಸ್ಕಾಚ್

ಹಿರಿಯೂರು
೨೦ ಜನವರಿ ೨೦೨೬

ಪ್ರೀತಿಯ ಮಾರುತೇಶನಿಗೆ ನಿನ್ನ ಭಾವ ರಂಗಯ್ಯನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಆರಾಮವಾಗಿದ್ದೇವೆ. ಹೊಳಲ್ಕೆರೆಯಲ್ಲಿ ನೀನು, ಹೆಂಡತಿ, ಮಕ್ಕಳು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ಬಂದಾಗ ನೀನು ಕೇಳಿದ ಪ್ರಶ್ನೆಗೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. "ನಲವತ್ತು ದಾಟ್ತು ಭಾವ, ಇನ್ನು ಕಂಡಿದ್ದೆಲ್ಲ ಕುಡಿಯಲ್ಲ. ಜೇಬು ಹರೀದಂಗೆ, ನನ್ನ ಬಾಯಿಗೆ ಹಿಡಿಸಂಗೆ ಒಂದು ಸ್ಕಾಚ್ ಹೇಳು" ಅಂದಿದ್ದೆ. ಅಂಥದ್ದನ್ನು ಪರೀಕ್ಷೆ ಮಾಡದೆ ಹೇಳುವುದು ಹೇಗೆ? ಪರೀಕ್ಷೆಗೆ ಸಿಗುವುದೋ ಶನಿವಾರ ಸಂಜೆ ಮಾತ್ರ, ಅದೂ ಒಂದೇ ಪೆಗ್ಗು. ನಿನ್ನ ಅಕ್ಕನ ಕಾನೂನು ನಿನಗೆ ಗೊತ್ತಲ್ಲ. ಜಗಲಿಯ ಮೇಲೆ ಕೂತು ಕುಡಿಯಬೇಕು, ಬಾಟಲಿ ಅಡುಗೆಮನೆಯ ಹೊಸ್ತಿಲು ದಾಟಬಾರದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನೆತ್ತಿದರೆ ಸಾಕು, ನಿನ್ನ ಅಕ್ಕ ಏಕನಾಥಮ್ಮ ಅವರೆಕಾಯಿಯ ಮೊರ ಹಿಡಿದು ಪಕ್ಕದಲ್ಲಿ ಬಂದು ಕೂರುತ್ತಾಳೆ. ಸ್ಕಾಚಿನ ಮಾತು ಬಂದರೆ ನನ್ನ ಮೂಗಿನ ಮಾತೂ ಬರುತ್ತದೆ. ಅದು ನಿನ್ನನ್ನೂ ಅಂಗಡಿಯ ಪಾಲುದಾರ ಪಾಪಣ್ಣನನ್ನೂ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲದ ವಿಷಯ.

ಕೊರೋನಾದ ಎರಡನೇ ಅಲೆಯಲ್ಲಿ ಈ ಮನೆಯಲ್ಲಿ ಮೂವರೂ ಮಲಗಿದ್ದೆವು. ನಾನೂ ನಿನ್ನ ಅಕ್ಕನೂ ಎದ್ದೆವು, ನಿಮ್ಮ ಅವ್ವ ಏಳಲಿಲ್ಲ. ನನಗೆ ಜ್ವರದ ಜೊತೆ ವಾಸನೆಯೂ ಹೋಯಿತು. ಹೆತ್ತವಳನ್ನು ಕಳೆದುಕೊಂಡು ಕೂತವಳಿಗೆ, ನಿನ್ನ ಸಾರು ನನಗೆ ಬಿಸಿನೀರಾಗಿದೆ ಕಣೇ ಅಂತ ಹೇಳಲು ಬಾಯಿ ಬರಲಿಲ್ಲ. "ಭೇಷಾಗೈತೆ" ಅಂದೆ. ಅವತ್ತು ಅಂದದ್ದನ್ನೇ ಇವತ್ತಿಗೂ ಅನ್ನುತ್ತಿದ್ದೇನೆ. ಅವಳೂ ಬಿಡುವವಳಲ್ಲ. ದಿನಾ ತಟ್ಟೆ ಮುಂದಿಟ್ಟು, "ಒಗ್ಗರಣೆ ಘಮ್ ಅಂತೈತೇನ್ರಿ? ಕಾಯಿ ಕಮಟಾಗಿಲ್ಲ ತಾನೆ?" ಅಂತ ಕೇಳುತ್ತಾಳೆ. ಈ ವಯಸ್ಸಿನಲ್ಲಿ ಇವಳಿಗೆ ಎಷ್ಟು ಹೊಗಳಿಸಿಕೊಳ್ಳುವ ಆಸೆ ಅಂತ ಒಳಗೊಳಗೇ ನಗುತ್ತಿದ್ದೆ.

ಅಂಗಡಿಯಲ್ಲೂ ಇದೇ ನಾಟಕ. ಕೊಬ್ಬರಿ ವ್ಯಾಪಾರದವನಿಗೆ ಕಮಟು ವಾಸನೆ ತಿಳಿಯದಿದ್ದರೆ ಉಳಿಗಾಲವುಂಟೇ? ನಾನು ಗಂಭೀರವಾಗಿ ಹೋಳು ಮೂಸುತ್ತೇನೆ. ಪಾಪಣ್ಣ ಪಕ್ಕದಲ್ಲಿ ನಿಂತು ಕೆಮ್ಮಿದರೆ ಮಾಲು ಬೇಡ ಅಂತ ಅರ್ಥ. ಒಂದು ಸಲ ಅವನಿಗೆ ನಿಜವಾಗಿಯೂ ನೆಗಡಿಯಾಗಿ ಒಳ್ಳೆಯ ಮಾಲನ್ನೆಲ್ಲ ವಾಪಸ್ಸು ಕಳಿಸಿದೆವು.

ಚಿತ್ರದುರ್ಗದ ಡಾಕ್ಟರು ಲವಂಗ, ನಿಂಬೆಹಣ್ಣು ದಿನಾ ಎರಡು ಹೊತ್ತು ಮೂಸಿ, ಮೂಗಿಗೆ ಮತ್ತೆ ಪಾಠ ಕಲಿಸಬೇಕು ಅಂದರು. ಸ್ಕಾಚನ್ನು ನಾನೇ ಸೇರಿಸಿಕೊಂಡೆ. ಹೇಗೂ ನೀನು ಕೇಳಿದ್ದೆಯಲ್ಲ.

ಮೊದಲು ದುರ್ಗದಲ್ಲಿ ಹದಿನೆಂಟು ವರ್ಷದ್ದು ಅಂತ ಬರೆದಿದ್ದ ಒಂದನ್ನು ತಂದೆ. ಹೊರಗೆ ಮದುವೆ ಒಡವೆಯಂಥ ಪೆಟ್ಟಿಗೆ, ಒಳಗೆ ರೇಷ್ಮೆ ಹಾಸು. ಬೆಲೆ ಕೇಳಿ ಪಾಪಣ್ಣ, "ಇದ್ರಾಗೆ ಎರಡು ಮೇಕೆ ಬರ್ತಿದ್ವು ಕಣಣ್ಣ, ಮರೀನೂ ಹಾಕ್ತಿದ್ವು" ಅಂದ. ಕುಡಿದು ನೋಡಿದರೆ ನಾಲಿಗೆಗೆ ಬರೀ ಒಗರು. ವಯಸ್ಸಾದ ಮಾತ್ರಕ್ಕೆ ನಮಗೆ ಹಿಡಿಸಬೇಕೆಂದಿಲ್ಲ ನೋಡು. ಆಮೇಲೆ ಬುದ್ಧಿ ಬಂತು. ಸ್ಕಾಟ್ಲೆಂಡಿನಲ್ಲೇ ತಯಾರಾಗಿ, ದೊಡ್ಡ ಪೀಪಾಯಿಯಲ್ಲಿ ಬಂದು, ನಮ್ಮ ದೇಶದಲ್ಲಿ ಬಾಟಲಿಗೆ ತುಂಬುವ ಸ್ಕಾಚ್ ಇದೆ. ಲೇಬಲ್ಲಿನಲ್ಲಿ ಹಾಗೇ ಬರೆದಿರುತ್ತದೆ. ಅದೂ ಅಸಲಿಯೇ, ಪೆಟ್ಟಿಗೆಯ ದುಡ್ಡು ಮಾತ್ರ ಉಳಿಯುತ್ತದೆ. ಅದರಲ್ಲೂ ಪೂರ್ತಿ ಬಾಟಲಿ ತರದೆ ಕ್ವಾರ್ಟರ್ ತಂದೆ. ಸೇರದಿದ್ದರೆ ಪಾಪಣ್ಣ ಇದ್ದಾನೆ.

ಕುಡಿಯುವುದಕ್ಕೂ ಒಂದು ಕ್ರಮ ಬೇಕು ಕಣಯ್ಯ. ನೀನು ಮಾಡುವ ಹಾಗೆ ಸೋಡಾ ಸುರಿದು, ಖಾರದ ಮಂಡಕ್ಕಿ ಬಾಯಿಗೆ ತುಂಬಿಕೊಂಡರೆ ಯಾವ ಸ್ಕಾಚಾದರೂ ಒಂದೇ. ಮೊದಲ ಗುಟುಕಿಗೆ ನಾಲ್ಕು ಹನಿ ನೀರು ಸಾಕು. ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೋ, ಅದೇ ಹೇಳುತ್ತದೆ.

ನಾನು ನಾಲಿಗೆಯಲ್ಲಿ ನೋಡುವುದು, ಪಾಪಣ್ಣ ಮೂಸಿ ಹೇಳುವುದು, ಹೀಗೆ ನಡೆಯಿತು. ಒಂದನ್ನು ಮೂಸಿ "ಆಲೆಮನೆ ಬೆಲ್ಲ" ಅಂದ. ಇನ್ನೊಂದಕ್ಕೆ "ಒಣದ್ರಾಕ್ಷಿ" ಅಂದ. ಮೂರನೆಯದಕ್ಕೆ ಮುಖ ಸಿಂಡರಿಸಿ, "ಏ ಥೂ! ಮಳೆನಾಗೆ ನೆಂದ ಕಂಬ್ಳಿ ತಂದು ಒಲೆ ಮುಂದೆ ಹರವಿದಂಗೈತೆ. ಇದನ್ನ ದುಡ್ಡು ಕೊಟ್ಟು ಯಾರು ಕುಡೀತಾರಪ್ಪ?" ಅಂದ. ಸ್ಕಾಟ್ಲೆಂಡಿನ ಕಡೆ ಜೌಗಿನ ಮಣ್ಣು ಸುಟ್ಟ ಹೊಗೆಯಲ್ಲಿ ಸ್ಕಾಚಿನ ಬಾರ್ಲಿ ಒಣಗಿಸುತ್ತಾರಂತೆ. ನನಗೆ ಆ ಕ್ಷಣವೇ ಹೊಸದುರ್ಗದ ಕಡೆಯ ನಿಮ್ಮ ಹಟ್ಟಿ, ಕುರಿರೊಪ್ಪದ ಮುಂದಿನ ಬೆಂಕಿ ನೆನಪಾಯಿತು. ನನ್ನ ಸ್ಕಾಚ್ ಇದೇ ಅಂತ ತೀರ್ಮಾನ ಮಾಡಿದೆ. ಮೂಗಿಗೆ ಏನೂ ಹತ್ತುತ್ತಿರಲಿಲ್ಲ, ಆದರೂ ಶನಿವಾರ ಶನಿವಾರ ಅದನ್ನೇ ಹಿಡಿದು ಕೂತೆ.

ಮೊನ್ನೆ ಶನಿವಾರ ಗ್ಲಾಸು ಮೂಗಿನ ಹತ್ತಿರವಿತ್ತು. ಇದ್ದಕ್ಕಿದ್ದ ಹಾಗೆ ಸುಟ್ಟ ವಾಸನೆ ಬಂತು, ಮಾರುತೇಶ! ಗ್ಲಾಸು ಕೆಳಗಿಟ್ಟು ಕೈ ಮೂಸಿಕೊಂಡೆ, ಕೊಬ್ಬರಿ ಎಣ್ಣೆ. ಅಂಗಿ ಮೂಸಿಕೊಂಡೆ, ಬೆವರು. ನನ್ನ ಬೆವರಿನ ವಾಸನೆಗೆ ನಾನೇ ಅತ್ತುಬಿಟ್ಟೆ.

ಈಗ ನಿನ್ನ ವಿಷಯ. ಕಾಫಿಗೆ ಮೂರು ಚಮಚ ಸಕ್ಕರೆ ಸುರಿಯುವವನು ನೀನು. ಆ ಬೆಲ್ಲದ ವಾಸನೆಯದನ್ನೇ ತೆಗೆದುಕೋ, ಹೆಸರು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನನ್ನ ಹೊಗೆ ಸ್ಕಾಚು ನಿನಗೆ ಆಗುವುದಿಲ್ಲ. ಕ್ವಾರ್ಟರ್ ತಂದು ನೋಡು. ಒಳ್ಳೆಯದು ಅಂತ ನಿನ್ನ ನಾಲಿಗೆ ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳಲು ಹೋಗಬೇಡ, ನನ್ನನ್ನೂ ಕೇಳಬೇಡ. ವಾರಕ್ಕೊಂದೇ ದಿನ, ಅದು ನೆನಪಿರಲಿ.

ಮಕ್ಕಳಿಗೆ ನನ್ನ ಮುದ್ದು. ನಿನ್ನ ಸಂಸಾರ ತಣ್ಣಗಿರಲಿ, ಆಯಸ್ಸು ಆರೋಗ್ಯ ಕೊಟ್ಟು ದೇವರು ಕಾಪಾಡಲಿ.

ಇತಿ ನಿನ್ನ ಭಾವ,
ರಂಗಯ್ಯ

ವಿ.ಸೂ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಹೇಳಬೇಕಾದದ್ದನ್ನೇ ಹೇಳದೆ ಕಳಿಸಲು ಮನಸ್ಸು ಒಪ್ಪಲಿಲ್ಲ.

ಆ ಸುಟ್ಟ ವಾಸನೆ ಗ್ಲಾಸಿನದಲ್ಲ. ಖುಷಿ ತಡೆಯಲಾರದೆ ಒಳಗೆ ಓಡಿದೆ, ನಿನ್ನ ಅಕ್ಕನಿಗೆ ಎಲ್ಲ ಹೇಳಿಬಿಡೋಣ ಅಂತ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಾಲು ತಳ ಹಿಡಿದು ಸೀದಿತ್ತು. ಅವಳು ಒಲೆಗೆ ಬೆನ್ನು ಹಾಕಿ, ಒಂದು ಮಾರು ದೂರದಲ್ಲಿ, ಏನೋ ಗುನುಗಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. "ಹಾಲು ಸೀದೈತಲ್ಲೇ" ಅಂದೆ. ಬೆಚ್ಚಿ ತಿರುಗಿದವಳು, "ಗೊತ್ತು ಬಿಡ್ರಿ, ಈಗ ಆರಿಸ್ಬೇಕು ಅಂತಿದ್ದೆ" ಅಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ನಾನು "ಭೇಷಾಗೈತೆ" ಅನ್ನುತ್ತಿದ್ದದ್ದು ಅದೇ ದನಿಯಲ್ಲಿ.

ಅವಳಿಗೂ ವಾಸನೆ ಹೋಗಿದೆ ಕಣೋ. ಅದೇ ಜ್ವರದಲ್ಲಿ ಹೋಗಿರಬೇಕು. ದಿನಾ ಒಗ್ಗರಣೆ ಘಮ್ ಅಂತೈತಾ ಅಂತ ಕೇಳುತ್ತಿದ್ದದ್ದು ಹೊಗಳಿಕೆಗಲ್ಲ. ನನ್ನ ಮೂಗನ್ನು ನಂಬಿಕೊಂಡು ಅಡುಗೆ ಮಾಡುತ್ತಿದ್ದಳು. ನಾನು ಏನನ್ನು ಹೊಗಳಿ ಉಂಡೆನೋ ದೇವರಿಗೇ ಗೊತ್ತು.

ಇನ್ನೊಂದಿದೆ. ಪೆಟ್ಟಿಗೆಯಲ್ಲಿ ಅವ್ವನ ಕಂಬಳಿ ಇದೆಯಲ್ಲ, ಪ್ರತಿ ಅಮಾವಾಸ್ಯೆ ಅದನ್ನು ತೆಗೆದು ಮುಖಕ್ಕೆ ಒತ್ತಿಕೊಂಡು ಅಳುತ್ತಾಳೆ. ತಾಯಿಯ ನೆನಪಿಗೆ ಅಳುತ್ತಾಳೆ, ಅಳಲಿ ಬಿಡು ಅಂತ ನಾನು ಹೊರಗೆ ಹೋಗುತ್ತಿದ್ದೆ. ನಿನ್ನೆ ಅವಳಿಲ್ಲದಾಗ ಅದನ್ನು ತೆಗೆದು ಮೂಸಿದೆ. ಕುರಿ ಉಣ್ಣೆ, ಒಲೆಯ ಹೊಗೆ, ಅವ್ವ ಹಾಕುತ್ತಿದ್ದ ಹೊಗೆಸೊಪ್ಪು, ಎಲ್ಲ ಹಾಗೇ ಇದೆ. ಅವ್ವ ಇನ್ನೂ ಅದರಲ್ಲಿದ್ದಾಳೆ. ಮಗಳಿಗೆ ಮಾತ್ರ ಸಿಕ್ಕುತ್ತಿಲ್ಲ.

ಬರುವ ಭಾನುವಾರ ಬಾ. ನೀನು ಪಕ್ಕದಲ್ಲಿದ್ದರೆ ನನ್ನ ಸುಳ್ಳನ್ನು ಮೊದಲು ಹೇಳುತ್ತೇನೆ, ಆಮೇಲೆ ಅವಳೂ ಹೇಳಿಯಾಳು. ಆ ಹೊಗೆ ಸ್ಕಾಚನ್ನು ಅವತ್ತು ನಾನೇ ಅಡುಗೆಮನೆಯೊಳಗೆ ಒಯ್ಯುತ್ತೇನೆ, ಕುಡಿಸಲಿಕ್ಕಲ್ಲ, ದಿನಾ ಅವಳ ಮೂಗಿಗೆ ಹಿಡಿಯಲಿಕ್ಕೆ. ಬೈದರೆ ಬೈಯಲಿ.

ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿದ್ದೇನೆ. ಅವಳಿಗೆ ಮೂಗು ಬರುವ ತನಕ ಅದರ ವಾಸನೆ ಹೋಗಬಾರದು.